ಸ್ಕೂಟರಿಗೆ ಕಟ್ಟಿದ ಮೂರು ಮುಡಿಪು

ಭಕ್ತ ಬಂಧುಗಳೇ, ಮೊದಲೇ ಹೇಳಿಬಿಡುತ್ತೇನೆ. ನನ್ನ ಕನಸಿನಲ್ಲಿ ಹಾವು ಬರಲಿಲ್ಲ, ದೇವರು ಮಾತಾಡಲಿಲ್ಲ, ದಾರಿಯಲ್ಲಿ ಯಾರೂ ಪ್ರತ್ಯಕ್ಷರಾಗಿ ಮಾಯವಾಗಲಿಲ್ಲ. ನನಗೆ ಬಂದ ಕಷ್ಟ ಒಂದು ಹಳೇ ಸ್ಕೂಟರಿನದು. ಏಳೆಂಟು ಮೈಲಿ ಓಡಿದರೆ ಅದು ಮುಟ್ಟಲಾರದಷ್ಟು ಕಾದು ನಿಂತುಬಿಡುತ್ತಿತ್ತು. ಇಂಥದ್ದನ್ನೂ ದೇವರ ಮುಂದೆ ಹೇಳಿಕೊಳ್ಳುತ್ತಾರೆಯೇ ಎಂದು ನಗುವವರು ನಗಲಿ. ಆ ಸ್ಕೂಟರು ದಾರಿಯಲ್ಲಿ ನಿಂತರೆ ನನ್ನ ಅಕ್ಕನ ಬದುಕೇ ನಿಲ್ಲುವ ದಿನ ಒಂದು ಬಂತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಧುಗಿರಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ನಮ್ಮದು ಕುರಿ ಕಾಯುವ ಮನೆತನ. ಪಾವಗಡ ದಾಟಿ ನಾಗಲಮಡಿಕೆ ರಸ್ತೆಯಲ್ಲಿ ಬಸ್ಸಿಳಿದು ನಾಲ್ಕು ಮೈಲಿ ನಡೆದರೆ ನಮ್ಮ ಹಟ್ಟಿ. ಹಟ್ಟಿಯಲ್ಲಿ ಹತ್ತನೇ ತರಗತಿ ದಾಟಿ ಸರ್ಕಾರಿ ಕೆಲಸ ಹಿಡಿದವನು ನಾನೊಬ್ಬನೇ. ಹಾಗೆ ಓದಿಸಿದವಳು ಅಕ್ಕ ಮೂಡ್ಲಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಮೂವತ್ತೊಂದು ಕುರಿ ಇಟ್ಟುಕೊಂಡು ತನ್ನ ಅನ್ನ ತಾನು ಉಣ್ಣುತ್ತಿದ್ದಳು. ಅವಳ ಎಡಗಾಲು ಹುಟ್ಟಿನಿಂದ ಸೊಟ್ಟ. ಹಟ್ಟಿಯ ಸುತ್ತ ಒಂದೆರಡು ಮೈಲಿ ಮೇಯಿಸಿಕೊಂಡು ಬರುತ್ತಿದ್ದಳು, ಅದಕ್ಕಿಂತ ಹೆಚ್ಚು ನಡೆಯಲಾರಳು. ಮಧುಗಿರಿಗೆ ಬಂದು ನನ್ನ ಜೊತೆ ಇರು ಎಂದು ಕರೆದರೆ, ನಿನ್ನ ಬಾಡಿಗೆ ಮನೆಯಲ್ಲಿ ನನ್ನ ಕುರಿಗಳನ್ನು ಎಲ್ಲಿ ಕೂಡುತ್ತೀಯ ಎಂದು ಕೇಳುತ್ತಿದ್ದಳು.

ಊರೂರು ತಿರುಗುವ ಕೆಲಸ ನನ್ನದು. ಬಸ್ಸಿಗೆ ಕಾದು ಕಾದು ಬೇಸತ್ತು, ಹೊಳವನಹಳ್ಳಿಯ ಒಬ್ಬ ಮೇಷ್ಟರ ಹತ್ತಿರ ಅವರು ಹನ್ನೆರಡು ವರ್ಷ ಓಡಿಸಿದ್ದ ಸ್ಕೂಟರನ್ನು ಕೊಂಡೆ. ಹಟ್ಟಿಯವರ ಬಾಯಲ್ಲಿ ಎರಡು ಚಕ್ರದ ಇಂಜಿನ್ ಗಾಡಿಯೆಲ್ಲ ಮೋಟ್ರು ಬೈಕೇ, ಹಾಗಾಗಿ ನಾನು ಬೈಕು ತಗೊಂಡೆ ಎಂದೇ ಸುದ್ದಿಯಾಯಿತು. ತಂದ ಮೂರನೇ ದಿನ ಕೊರಟಗೆರೆ ಹತ್ತಿರ ಅದು ಕಿರ್ ಎಂದು ಹಿಡಿದುಕೊಂಡು ನಿಂತಿತು. ನನಗೆ ಗಾಡಿಯ ಗಂಧಗಾಳಿ ಗೊತ್ತಿಲ್ಲ. ರಸ್ತೆ ಬದಿ ನಿಂತು ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯನನ್ನು, ನಮ್ಮ ಮನೆಯವರು ಕರೆಯುವ ಹಾಗೆ ಸುಬ್ಬರಾಯಾ ಎಂದು ಕರೆದು, ಈ ಗಾಡಿ ನೆಟ್ಟಗೆ ಓಡಲಿ, ನಿನಗೆ ಮುಡಿಪು ಕಟ್ಟುತ್ತೇನೆ ಎಂದುಬಿಟ್ಟೆ.

ಕೊರಟಗೆರೆಯ ಮೆಕ್ಯಾನಿಕ್ಕು ಬಂದು ನೋಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿದ್ದೀರಾ ಎಂದು ಕೇಳಿದ. ಬೆರೆಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆಯಿಲ್ ಹಾಕಿ ಒಂದು ಗಂಟೆಯಲ್ಲಿ ಗಾಡಿ ಹೊರಡಿಸಿದ. ಅಂದರೆ ಅಲ್ಲಿಗೆ ಕಷ್ಟ ಮುಗಿದಿತ್ತು. ಆದರೆ ಬಾಯಿಂದ ಹರಕೆ ಬಿದ್ದಾಗಿತ್ತಲ್ಲ. ಮನೆಗೆ ಬಂದವನೇ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ರೂಪಾಯಿ ಇಟ್ಟು ಗಂಟು ಕಟ್ಟಿದೆ.

ಮುಡಿಪನ್ನು ಮನೆಯ ದೇವರ ಗೂಟಕ್ಕೆ ಕಟ್ಟುವುದು ವಾಡಿಕೆ. ನಾನು ಸ್ವಲ್ಪ ಬುದ್ಧಿ ಓಡಿಸಿದೆ. ಹರಕೆ ಸ್ಕೂಟರಿನದು, ಆದ್ದರಿಂದ ಸ್ಕೂಟರಿಗೇ ಕಟ್ಟಬೇಕು ಎಂದುಕೊಂಡೆ. ಹ್ಯಾಂಡಲ್ಲಿಗೆ ಕಟ್ಟಿದರೆ ಪೇಟೆಯಲ್ಲಿ ಯಾರಾದರೂ ಬಿಚ್ಚಿಕೊಂಡು ಹೋಗುತ್ತಾರೆ. ಇಂಜಿನ್ನಿನ ಬಲಗಡೆ ತಗಡಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ದುಂಡನೆಯ ಒಂದು ಜಾಲರಿ ಇತ್ತು, ತಟ್ಟೆಯಷ್ಟು ಅಗಲ. ದಾರ ತೂರಿಸಿ ಗಂಟು ಹಾಕಲು ಹೇಳಿ ಮಾಡಿಸಿದ ಹಾಗಿತ್ತು. ಅಲ್ಲೇ ಕಟ್ಟಿ, ಕರ್ಪೂರ ಬೆಳಗಿ, ಮುಚ್ಚಳ ಹಾಕಿದೆ. ಆ ಜಾಲರಿ ಯಾತಕ್ಕೆ ಇದೆಯೆಂದು ನಾನು ಕೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಆಯಿಲ್ ಅಳೆದು ಬೆರೆಸುತ್ತಿದ್ದೆ, ಆದರೂ ಗಾಡಿ ಕಾಯುತ್ತಿತ್ತು. ಮೊದಲು ಎಳೆತ ಕಡಿಮೆಯಾಗುವುದು, ಆಮೇಲೆ ಸುಟ್ಟೆಣ್ಣೆಯ ವಾಸನೆ, ಬಲಗಾಲಿನ ಮೀನಖಂಡಕ್ಕೆ ಒಲೆಯ ಮುಂದೆ ಕೂತಂತೆ ಝಳ, ಕೊನೆಗೆ ಇಂಜಿನ್ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡುವುದು, ಐದು ಮೈಲಿಗೆ ಮತ್ತದೇ ಕತೆ. ಮಧುಗಿರಿಯ ಮೆಕ್ಯಾನಿಕ್ಕು ಪ್ಲಗ್ ಬದಲಾಯಿಸಿ ಕಾರ್ಬುರೇಟರ್ ತೊಳೆದ. ಗುಣವಾಗಲಿಲ್ಲ. ನಾನು ಎರಡನೇ ಮುಡಿಪು ಕಟ್ಟಿದೆ, ಮೊದಲನೆಯದರ ಪಕ್ಕದಲ್ಲೇ. ಸಿರಾಕ್ಕೆ ಒಯ್ದೆ. ಅಲ್ಲಿ ಬಾಷಾ ಸಾಬರು ಎಂಬ ಹೆಸರುವಾಸಿ ಮಿಸ್ತ್ರಿ. ಅವರು ಸಿಲಿಂಡರ್ ಬಿಚ್ಚಿ ಇಂಗಾಲ ಕೆರೆದು, ಹೊಸ ರಿಂಗು ಹಾಕಿ, ಸೈಲೆನ್ಸರಿನ ಮಸಿ ಸುಟ್ಟು ಕೊಟ್ಟರು. ಕೆಲಸ ಮಾಡುವಾಗ ಆ ಎರಡು ಹಳದಿ ಗಂಟುಗಳನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಇದ್ದಲ್ಲಿಗೇ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಎಂಥ ಸಜ್ಜನ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಬರುವ ದಾರಿಯಲ್ಲಿ ಗಾಡಿ ಎಂಟನೇ ಮೈಲಿಗೆ ನಿಂತಿತು. ಮೂರನೇ ಮುಡಿಪು ಕಟ್ಟಿದೆ.

ಆಸ್ಪತ್ರೆಯಲ್ಲಿ ನನ್ನನ್ನು ಗೇಲಿ ಮಾಡದವರೇ ಇಲ್ಲ. ಈರಣ್ಣ ಸ್ಕೂಟರಿನ ಮೇಲೆ ಹೋಗುವುದಕ್ಕಿಂತ ಸ್ಕೂಟರು ಈರಣ್ಣನ ಮೇಲೆ ಹೋಗುವುದೇ ಹೆಚ್ಚು ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೇ ದೇವರ ಮೇಲೆ ಸಣ್ಣ ಮುನಿಸು ಬೆಳೆಯುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಶಿವರಾತ್ರಿ ಕಳೆದ ಮೇಲೆ ನಮ್ಮ ಹಟ್ಟಿಯ ಪಕ್ಕದ ಊರುಗಳಲ್ಲಿ ಕುರಿಗಳಿಗೆ ಸಿಡುಬು ಎದ್ದಿತು. ನಮ್ಮ ಜನ ಅದಕ್ಕೆ ಅಮ್ಮ ಎನ್ನುತ್ತಾರೆ. ಅಮ್ಮ ಬಂದಳೆಂದರೆ ಮಂದೆ ಹೊಡೆದುಕೊಂಡು ದೂರ ಹೋಗಿಬಿಡುವುದು ಪದ್ಧತಿ. ಸುದ್ದಿ ತಿಳಿದು ಹಟ್ಟಿಗೆ ಹೋದಾಗ ಎಲ್ಲರೂ ಆಂಧ್ರದ ಕಡೆ ಹೊರಡಲು ಸಿದ್ಧರಾಗಿದ್ದರು. ಹಾಗೆ ಹೋದರೆ ರೋಗವೂ ಮಂದೆಯ ಜೊತೆಗೇ ಹೋಗುತ್ತದೆ ಎಂದು ನಾನು ಎಷ್ಟೋ ಹೇಳಿದೆ. ಸೊಟ್ಟ ಕಾಲಿನ ಮೂಡ್ಲಕ್ಕ ಅವರ ಜೊತೆ ಹೋಗುವಂತೆಯೂ ಇರಲಿಲ್ಲ, ಒಬ್ಬಳೇ ಉಳಿಯುವಂತೆಯೂ ಇರಲಿಲ್ಲ. ಮಂದೆಗಳು ಹೊರಟವೆಂದರೆ ಅವಳು ಮೂವತ್ತೊಂದನ್ನೂ ಕಟುಕರ ದಲ್ಲಾಳಿಗೆ ಹೊಡೆದು ಕೊಡಬೇಕು. ಆಮೇಲೆ ಅವಳಿಗೆ ಉಳಿಯುವುದು ನನ್ನ ಬಾಡಿಗೆ ಮನೆಯ ಮೂಲೆ.

ಲಸಿಕೆ ತರುತ್ತೇನೆ, ಸೋಮವಾರದವರೆಗೆ ಕಾಯಿರಿ ಎಂದು ಬೇಡಿಕೊಂಡೆ. ಹಟ್ಟಿಯ ಯಜಮಾನರು ಒಪ್ಪಿದರು.

"ಸ್ವಾಮಾರ ಹೊತ್ತು ನೆತ್ತಿಗ್ ಬರಾಗಂಟ ಕಾಯ್ತೀವಿ ಕಣ್ಲಾ ಈರ. ಅದ್ರ ಮ್ಯಾಲೆ ನೀನೂ ಕೇಳ್ಬ್ಯಾಡ, ನಾವೂ ಕೇಳಾಕಿಲ್ಲ."

ಭಾನುವಾರ ಲಸಿಕೆ ಮಧುಗಿರಿಗೆ ಬಂತು. ಅದು ತಣ್ಣಗಿರಬೇಕು, ಬೆಚ್ಚಗಾದರೆ ನೀರಿಗೆ ಸಮ. ಬಸ್ಸಿನಲ್ಲಿ ಹೋಗಿ ನಾಲ್ಕು ಮೈಲಿ ನಡೆಯುವಷ್ಟರಲ್ಲಿ ಮಧ್ಯಾಹ್ನ ಮೀರುತ್ತದೆ, ಐಸೂ ಉಳಿಯುವುದಿಲ್ಲ. ಇಲಾಖೆಯ ಜೀಪು ಅಂದು ಬೇರೆ ಊರಿಗೆ ಹೋಗಿತ್ತು. ಸೋಮವಾರ ಬೆಳಿಗ್ಗೆ ಆರೂವರೆಗೆ ದೊಡ್ಡ ಪ್ಲಾಸ್ಕಿಗೆ ಐಸು ತುಂಬಿ, ನಡುವೆ ಲಸಿಕೆಯ ಸೀಸೆಗಳನ್ನಿಟ್ಟು, ಗೋಣಿ ಸುತ್ತಿ, ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಬಿಗಿದುಕೊಂಡು ಹೊರಟೆ.

ಮೊದಲ ಸಲ ಏಳು ಮೈಲಿಗೆ ನಿಂತಿತು. ಎರಡನೇ ಸಲ ಮಿಡಿಗೇಶಿಯಲ್ಲಿ. ಎರಡು ಕಡೆಯೂ ಆರಲು ಬಿಟ್ಟು, ಗಡಿಯಾರ ನೋಡಿಕೊಂಡು ಕೂತೆ. ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗೆ ಟಣಟಣ ಎಂದು ಏನೋ ಮುರಿದ ಸದ್ದಾಯಿತು. ಹಿಂದಿನ ಚಕ್ರ ಹಿಡಿದುಕೊಂಡು ಗಾಡಿ ಅಡ್ಡಡ್ಡ ಎಳೆದಾಡಿ ನಿಂತಿತು. ಕಿಕ್ಕರ್ ಮೇಲೆ ನಿಂತು ಒತ್ತಿದರೂ ಅಲುಗಲಿಲ್ಲ. ಒಂಬತ್ತೂವರೆ ಗಂಟೆ. ಅತ್ತ ಇತ್ತ ಒಂದು ಎತ್ತಿನ ಗಾಡಿಯೂ ಇಲ್ಲ. ಪ್ಲಾಸ್ಕಿನ ಮುಚ್ಚಳ ತೆಗೆದು ನೋಡಿದೆ, ಐಸು ಅರ್ಧ ಕರಗಿತ್ತು. ಒಂದು ಗಳಿಗೆ, ಈ ಐಸನ್ನೇ ಇಂಜಿನ್ನಿನ ಮೇಲೆ ಸುರಿದರೆ ಗಾಡಿಯಾದರೂ ಹೊರಟೀತೇ ಎಂದು ಯೋಚಿಸಿದೆ. ಲಸಿಕೆ ಕೆಟ್ಟ ಮೇಲೆ ಗಾಡಿ ಹೊರಟು ಏನು ಮಾಡುವುದು. ಮುಚ್ಚಳ ಹಾಕಿದೆ.

ಆಗ ನನಗೆ ಅಳು ಬಂತು. ಮೂವತ್ತು ದಾಟಿದ ಗಂಡಸು ರಸ್ತೆಯಲ್ಲಿ ನಿಂತು ಅತ್ತೆ, ಮುಚ್ಚಿಡುವುದೇಕೆ. ನಾಗಲಮಡಿಕೆಯ ದಿಕ್ಕಿಗೆ ತಿರುಗಿ ಹೇಳಿದೆ: ಸುಬ್ಬರಾಯಾ, ಈ ಗಾಡಿ ಹಾಳಾಗಿ ಹೋಗಲಿ. ಮೂಡ್ಲಕ್ಕನ ಕುರಿ ಉಳಿಸು. ಅಷ್ಟು ದಿನ ನಾನು ಕೇಳಿದ್ದೆಲ್ಲ ಸ್ಕೂಟರಿಗಾಗಿ. ಕುರಿಗಾಗಿ ಕೇಳಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಇದು ನನಗೆ ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಕಣ್ಣೊರೆಸಿಕೊಂಡು ಗಾಡಿಯನ್ನು ತಳ್ಳತೊಡಗಿದೆ. ಇಂಜಿನ್ ಹಿಡಿದಿದ್ದರೂ ಗೇರು ತಪ್ಪಿಸಿದರೆ ಚಕ್ರ ಉರುಳುತ್ತಿತ್ತು. ಇಳಿಜಾರಿನ ಕೆಳಗೆ ನಾಲ್ಕು ಮನೆ, ಒಂದು ಕುಲುಮೆ. ನೇಗಿಲ ಗುಳ ತಟ್ಟುತ್ತಿದ್ದ ಕಮ್ಮಾರನೊಬ್ಬ ನನ್ನನ್ನು ಕಂಡು ಸುತ್ತಿಗೆ ಕೆಳಗಿಟ್ಟ. ಹೆಸರು ಬ್ರಹ್ಮಯ್ಯ, ಅರವತ್ತರ ಆಸುಪಾಸು, ಮಾತಿನಲ್ಲಿ ಅರ್ಧ ತೆಲುಗು. ಅವನ ಬಾನಿಯಿಂದ ನೀರು ಮೊಗೆದು ಇಂಜಿನ್ನಿಗೆ ಹಾಕಹೊರಟ ನನ್ನ ಕೈ ಹಿಡಿದುಕೊಂಡ. ಕಾದ ಎರಕಕ್ಕೆ ನೀರು ಬಿದ್ದರೆ ಸೀಳು ಬಿಡುತ್ತದೆ, ತಾನಾಗಿ ಆರಲಿ ಎಂದ. ಪ್ಲಾಸ್ಕನ್ನು ತೆಗೆದುಕೊಂಡು ಹೋಗಿ ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟ. ಆಮೇಲೆ ಕೂತು ಬಲಗಡೆಯ ಮುಚ್ಚಳ ತೆಗೆಸಿ ನೋಡಿದ.

ಅವನು ಹುಟ್ಟಿದ ಮೇಲೆ ಸ್ಕೂಟರಿನ ಹೊಟ್ಟೆ ನೋಡಿರಲಿಲ್ಲ. ಸುಮ್ಮನೆ ಬಗ್ಗಿ, ಜಾಲರಿಯ ಹಿಂದೆ ಚಕ್ರದ ಸುತ್ತ ಇದ್ದ ಎಲೆಯಂಥ ಹಲ್ಲುಗಳನ್ನು ನೋಡಿದ. ಅವು ಸುತ್ತಿದರೆ ಗಾಳಿ ಎತ್ತ ಹೋಗುತ್ತದೆ ಎಂದು ಬೆರಳಲ್ಲಿ ದಾರಿ ಹಿಡಿದು ನೋಡಿದ. ತನ್ನ ಕುಲುಮೆಯ ತಿದಿಯ ಕಡೆ ಒಮ್ಮೆ ತಿರುಗಿದ.

"ಇದಿ ತಿತ್ತಿ ಕದಾ ಸಾಮಿ," ಎಂದ, ತಿದಿಗೆ ಅವರು ಹಾಗೆನ್ನುತ್ತಾರೆ. "ಈ ಕಡೆ ಗಾಳಿ ಎಳ್ಕೊಂಡು ಆ ಕಡೆ ಊದ್ತೈತೆ, ಕಾದಿದ್ದು ಆರ್ಲಿ ಅಂತ. ನೀನು ಅದರ ಬಾಯಿ ಕಟ್ಟೇಸಿದ್ದೀಯ. ಊದು ಊದು ಅಂದ್ರೆ ಎಲ್ಲಿಂದ ಊದ್ತೈತೆ?"

ಮೂರು ಮುಡಿಪುಗಳು ಜಾಲರಿಯ ಮೇಲೆ ಅಂಟಿಕೊಂಡಿದ್ದವು. ಮೂರನೆಯದರ ಬಾಲ ಒಳಗೆ ಎಳೆದುಕೊಂಡು ಹೋಗಿ, ಹಲ್ಲುಗಳಿಗೆ ಸುತ್ತಿ, ಎರಡು ಹಲ್ಲು ಮುರಿದಿತ್ತು. ಅಷ್ಟು ದಿನ ಗಾಡಿ ಕಾಯುತ್ತಿದ್ದದ್ದು ನನ್ನ ಹರಕೆಯಿಂದ. ಕಾದಷ್ಟೂ ನಾನು ಹರಕೆ ಹೊರುತ್ತಿದ್ದೆ.

ಬಿಚ್ಚಿ ತೆಗೆದುಬಿಡು ಎಂದು ಬ್ರಹ್ಮಯ್ಯನಿಗೆ ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಕಟ್ಟಿದೋನು ನುವ್ವೇ, ಬಿಚ್ಚೋನೂ ನುವ್ವೇ. ದೇವುಡಿ ಗಂಟು, ನಾನು ಮುಟ್ಟಾಕಿಲ್ಲ. ಚಾಕು ಬೇಕಾ, ಇಕ್ಕಳ ಬೇಕಾ ಹೇಳು, ಕೊಡ್ತೀನಿ."

ನಮ್ಮಲ್ಲಿ ಮುಡಿಪನ್ನು ಹರಕೆ ತೀರುವ ಮೊದಲು ಬಿಚ್ಚುವುದಿಲ್ಲ. ಬಿಚ್ಚಿದರೆ ಯಾವುದಕ್ಕಾಗಿ ಕಟ್ಟಿದೆವೋ ಅದು ಕೈಬಿಟ್ಟು ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದವನು ನಾನು. ಬಿಚ್ಚಿ ತೆಗೆಯಲೂ ಈಗ ಸಾಧ್ಯವಿರಲಿಲ್ಲ, ಬಟ್ಟೆ ಹಲ್ಲುಗಳ ಮಧ್ಯೆ ಸಿಕ್ಕಿಕೊಂಡಿತ್ತು, ಕೊಯ್ಯಬೇಕು. ದೇವರಿಗೆಂದು ಕಟ್ಟಿದ ಗಂಟಿಗೆ ಚಾಕು ಹಾಕಬೇಕು. ಕೋಪ ಬಂದರೆ ದೇವರು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ಅಕ್ಕನ ಕುರಿಗಳ ಮೇಲೆ ತೀರಿಸಿಕೊಂಡರೆ? ತಪ್ಪು ನನ್ನದು, ಅವಳದ್ದಲ್ಲ, ಏನಿದ್ದರೂ ನನಗೇ ಬರಲಿ ಎಂದು ಹೇಳಿ ಚಾಕು ತೆಗೆದುಕೊಂಡೆ.

ಗಂಟುಗಳು ಬಂದವು. ಒಳಗಿನ ಬಾಲ ತೆಗೆಯಲು ಕೈ ತೂರಿಸಿದಾಗ ಮೂರು ಬೆರಳು ಸುಟ್ಟವು. ಮುರಿದ ಹಲ್ಲಿನ ಚೂರುಗಳನ್ನು ಬ್ರಹ್ಮಯ್ಯ ಇಕ್ಕಳದಲ್ಲಿ ಹೆಕ್ಕಿದ. ಎಣ್ಣೆ ಕುಡಿದ ಬಟ್ಟೆ, ನಾಣ್ಯ ಎಲ್ಲವನ್ನೂ ಜೇಬಿಗೆ ಹಾಕಿಕೊಂಡೆ. ಇಂಜಿನ್ ಪೂರ್ತಿ ಆರುವವರೆಗೆ ಅವನು ಕಿಕ್ಕರ್ ಮುಟ್ಟಲು ಬಿಡಲಿಲ್ಲ. ಆಮೇಲೆ ಒತ್ತಿದೆ, ಬಿಟ್ಟುಕೊಂಡಿತು. ನಾಲ್ಕನೇ ಒದೆತಕ್ಕೆ ಸ್ಟಾರ್ಟ್ ಆಯಿತು. ಜಾಲರಿಯ ಹತ್ತಿರ ಅಂಗೈ ಹಿಡಿದರೆ ಗಾಳಿ ಒಳಗೆ ಎಳೆದುಕೊಳ್ಳುವುದು ಗೊತ್ತಾಗುತ್ತಿತ್ತು. ಆರು ತಿಂಗಳಿಂದ ಗಾಡಿ ಇಟ್ಟುಕೊಂಡು ನನಗೆ ಅದು ಗೊತ್ತಿರಲಿಲ್ಲ.

ಎರಡು ಹಲ್ಲು ಇಲ್ಲದಿದ್ದರೂ, ನಿಧಾನವಾಗಿ ಓಡಿಸಿದ್ದಕ್ಕೆ ಮತ್ತೆ ಎಲ್ಲೂ ನಿಲ್ಲಲಿಲ್ಲ. ಪಾವಗಡ ದಾಟುವಾಗಲೇ ಹೊತ್ತು ನೆತ್ತಿಗೆ ಬಂದಿತ್ತು. ಹಟ್ಟಿ ಕಾಣುವಷ್ಟರಲ್ಲಿ ಒಂದೂಕಾಲು. ಮಂದೆಗಳು ಹೊರಟಿರುತ್ತವೆ ಎಂದೇ ತಿಳಿದಿದ್ದೆ. ಹೊರಟಿರಲಿಲ್ಲ. ಕುರಿ ಕೂಡುವ ಊರ ರೊಪ್ಪದ ಮುಳ್ಳುಬೇಲಿಯಲ್ಲಿ ಹೊರಬರಲು ಇದ್ದ ಒಂದೇ ಸಂದಿನಲ್ಲಿ ಮೂಡ್ಲಕ್ಕ ಸೊಟ್ಟ ಕಾಲು ಚಾಚಿಕೊಂಡು ಕೂತಿದ್ದಳು. ಹೊತ್ತು ಮೀರಿದಾಗ ಎಲ್ಲರೂ ಎದ್ದರಂತೆ. ಇವಳು ಹೋಗಿ ಅಲ್ಲಿ ಕೂತು, ಹೋಗುವವರು ನನ್ನನ್ನು ತುಳಿದುಕೊಂಡು ಹೋಗಿ ಎಂದಳಂತೆ. ಯಜಮಾನರು ಬೈದು, ಬೇಡಿ, ಸುಸ್ತಾಗಿ ನೆರಳಿಗೆ ಹೋಗಿ ಕೂತಿದ್ದರು.

ಪ್ಲಾಸ್ಕಿನಲ್ಲಿ ಗೋಲಿಯಷ್ಟು ದಪ್ಪದ ಐಸಿನ ತುಂಡುಗಳು ಇನ್ನೂ ತೇಲುತ್ತಿದ್ದವು. ಸೀಸೆ ಮುಟ್ಟಿದರೆ ಕೊರೆಯುತ್ತಿತ್ತು. ಸೂಜಿ ಕುದಿಸಿ ಕೆಲಸಕ್ಕೆ ಕೂತೆ. ಹಟ್ಟಿಯ ಮುನ್ನೂರು ಚಿಲ್ಲರೆ ಕುರಿಗಳು ಒಂದೊಂದಾಗಿ ಬಂದವು.

ಕೊನೆಯ ಕುರಿ ಹೋದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ಮುಡಿಪಿಗೆ ಚಾಕು ಹಾಕಿದೆ ಎನ್ನುವಾಗ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ದೇವರ ವಿಷಯದಲ್ಲಿ ಅವಳು ನನಗಿಂತ ಗಟ್ಟಿ. ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಇಂಗೆ ಬೊಬ್ಬೆ ಎದ್ದೈತೆ, ಈ ಕೈಯಾಗೇ ಅಷ್ಟೂ ಕುರಿಗೆ ಸೂಜಿ ಹಾಕ್ದೇನ್ಲಾ?"

ಅಷ್ಟೇ ಕೇಳಿದಳು. ಬೆಣ್ಣೆ ತಂದು ಹಚ್ಚಿದಳು. ದೇವರ ಮಾತು ಎತ್ತಲೇ ಇಲ್ಲ.

ಲಸಿಕೆ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ, ರೋಗ ಮೊದಲೇ ಹೊಕ್ಕಿದ್ದರೆ ಅದು ಉಳಿಸುವುದಿಲ್ಲ. ಎರಡು ವಾರ ನಾನು ಊಟ ಮಾಡಿದ್ದು ಲೆಕ್ಕಕ್ಕಿಲ್ಲ. ಅಕ್ಕನ ನಾಲ್ಕು ಕುರಿ ಹೋದವು. ಐದನೆಯದು ಮೇವು ಬಿಟ್ಟಿದೆ ಎಂದು ಸುದ್ದಿ ಬಂದಾಗ, ಚಾಕು ಹಾಕಿದ್ದಕ್ಕೆ ಇದು ಶುರು ಎಂದುಕೊಂಡೆ. ಅದು ಮಾರನೇ ದಿನ ಎದ್ದು ಮೇಯಿತು. ಆಮೇಲೆ ಒಂದೂ ಹೋಗಲಿಲ್ಲ. ಇಪ್ಪತ್ತೇಳು ಉಳಿದವು, ಹಟ್ಟಿಯೂ ಉಳಿಯಿತು.

ಗಾಳಿ ಊದುವ ಚಕ್ರ ಬದಲಾಯಿಸಲು ಸಿರಾಕ್ಕೆ ಹೋದಾಗ ಬಾಷಾ ಸಾಬರನ್ನು ಕೇಳಿದೆ, ಅಷ್ಟು ದೊಡ್ಡ ಮಿಸ್ತ್ರಿ ನೀವು, ಆ ಗಂಟು ಕಾಣಲಿಲ್ಲವೇ ಎಂದು. ಅವರು ತಲೆ ತಗ್ಗಿಸಿದರು.

"ಕಂಡಿತ್ತು ಸಾರ್. ಫ್ಯಾನಿಗೆ ಹವಾ ಬರಲ್ಲ ಅಂತಾನೂ ಗೊತ್ತಿತ್ತು. ಮನ್ನತ್ ಗಂಟು, ತೆಗೀರಿ ಅಂತ ನಾನು ಹೆಂಗೆ ಹೇಳ್ಲಿ? ಅದು ನಿಮಗೂ ಮೇಲಿನವನಿಗೂ ಇರೋ ಮಾತು."

ಮಧುಗಿರಿಯ ಮೆಕ್ಯಾನಿಕ್ಕನನ್ನು ಕೇಳಲು ಹೋಗಲಿಲ್ಲ. ಅವನೂ ಇದನ್ನೇ ಹೇಳುತ್ತಿದ್ದನೆಂದು ಕಾಣುತ್ತದೆ. ನನ್ನ ಗೆಳೆಯರು ಕೆಲವರು ಕೇಳುತ್ತಾರೆ, ಬಟ್ಟೆ ಕಟ್ಟಿದವನೂ ನೀನೇ, ತೆಗೆದವನೂ ನೀನೇ, ಇದರಲ್ಲಿ ದೇವರು ಮಾಡಿದ್ದೇನು ಎಂದು. ವಾದ ಮಾಡಲು ನನಗೆ ಬರುವುದಿಲ್ಲ. ಗಾಡಿ ಹಾಳಾಗಲಿ, ಕುರಿ ಉಳಿಯಲಿ ಎಂದು ಬೇಡಿದೆ. ಕುರಿ ಉಳಿದವು, ಗಾಡಿಯನ್ನೂ ಅವನು ಹಾಳು ಮಾಡಲಿಲ್ಲ. ಅಂದಿನಿಂದ ನನ್ನ ನಂಬಿಕೆ ಹೆಚ್ಚಿದೆ, ಹರಕೆ ಹೊರುವುದು ಕಡಿಮೆಯಾಗಿದೆ.

ಯುಗಾದಿ ಕಳೆದ ಮೇಲೆ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾಗಲಮಡಿಕೆಗೆ ಹೋದೆ. ಅರ್ಚಕರ ಮುಂದೆ ಆ ಎಣ್ಣೆ ಬಟ್ಟೆ, ಮೂರು ನಾಣ್ಯ ಇಟ್ಟು ತಪ್ಪಾಯಿತು ಎಂದೆ. ಅವರು ನಾಣ್ಯ ಹುಂಡಿಗೆ ಹಾಕಿ, ಬಟ್ಟೆಯನ್ನು ಹೊಳೆಗೆ ಬಿಡಿ ಎಂದರು. ಅರ್ಚನೆ ಯಾರ ಹೆಸರಿಗೆ ಎಂದು ಕೇಳಿದರು. ನಾನು ಅಕ್ಕನ ಹೆಸರು ಹೇಳುವ ಮೊದಲೇ ಅವಳು ಶುರು ಮಾಡಿದಳು.

"ಕರಿಕಿವಿ. ಚುಕ್ಕಿ. ಬೋಡಿ. ಮುರುಕೊಂಬಿ. ಶನಿವಾರದೋಳು."

ಅರ್ಚಕರು ನನ್ನ ಮುಖ ನೋಡಿದರು. ಕುರಿಗಳು ಎಂದು ಮೆಲ್ಲಗೆ ಹೇಳಿದೆ. ನಾನು ಆ ಕುರಿಗಳನ್ನು ಎಷ್ಟೋ ಸಲ ಎಣಿಸಿದ್ದೆ, ರಿಜಿಸ್ಟರಿನಲ್ಲಿ ಮೂವತ್ತೊಂದು ಎಂದು ಬರೆದಿದ್ದೆ. ಅವಕ್ಕೆ ಹೆಸರಿದೆ ಎಂದು ಗೊತ್ತಾದದ್ದು ಅಂದು. ಅಕ್ಕನ ಸೆರಗು ಹಿಡಿದು ಸಾಕು ಎಂದು ಜಗ್ಗಿದೆ, ಅವಳು ನಿಲ್ಲಿಸಲಿಲ್ಲ. ಅರ್ಚಕರೂ ಅವಸರ ಮಾಡಲಿಲ್ಲ. ಅವಳು ಒಂದೊಂದು ಹೆಸರು ಹೇಳಿದ ಹಾಗೂ ಒಂದೊಂದು ಹೂ ಹಾಕುತ್ತಾ ಹೋದರು. ಬದುಕಿದ ಇಪ್ಪತ್ತೇಳು ಮುಗಿದವು. ಆಮೇಲೆ ಸತ್ತ ನಾಲ್ಕರ ಹೆಸರನ್ನೂ ಹೇಳಿದಳು. ಅವಕ್ಕೂ ಹೂ ಬಿತ್ತು.

ಮುಗಿಯಿತೇ ತಾಯಿ ಎಂದು ಅವರು ಕೇಳಿದರು. ಇನ್ನೊಂದು ಇದೆ ಎಂದು ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟು, ಈರ, ಎಂದಳು.